ಗಂಗೋತ್ರಿಯ ಪಾಲು

ಸೆಪ್ಟೆಂಬರ್ 5, ಗುರುವಾರ

ಇವತ್ತೂ ಎರಡು ಬಂಡಲ್ ಜೀನ್ಸ್ ಬಂತು. ನೂಲು ಕತ್ತರಿಸಿ, ಗುಂಡಿ ನೋಡಿ ಕಟ್ಟಿಟ್ಟೆ. ಬೆರಳೆಲ್ಲ ನೀಲಿ. ಐದು ತಿಂಗಳ ಹೊಟ್ಟೆ ಇಟ್ಟುಕೊಂಡು ನೆಲದ ಮೇಲೆ ಕೂರುವುದು ಕಷ್ಟ... ಬಾಯಿ ಬಿಟ್ಟರೆ ಅತ್ತೆ ಕೆಲಸ ಬಿಡಿಸುತ್ತಾರೆ. ಆಮೇಲೆ ದಿನವಿಡೀ ನಾನು, ಒಳಕೋಣೆಯ ಫೋಟೋದಲ್ಲಿ ಅವಳು — ಎದುರುಬದುರು.

ಮಧ್ಯಾಹ್ನ ಇವರು ಯೂನಿಟ್‌ನಿಂದ ಊಟಕ್ಕೆ ಬಂದಿದ್ದರು. ಕಟಿಂಗ್ ಮಾಸ್ಟರ್, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಅತ್ತೆ ಬಡಿಸುತ್ತ ಕೇಳಿದರು.

"ಏನರ ತಿನ್ನಬೇಕು ಅನಸ್ತೈತೇನು ವನಿತಾ?"

"ಬಿಸಿಬಿಸಿ ಹಣ್ಣು ಅತ್ತೆ. ಅದ್ರ ಮ್ಯಾಲೆ ಬಿಸ್ಕತ್ತಿನಂಗೆ ಬೆಂದಿರೋ ಹಿಟ್ಟು. ಚಕ್ಕೆ ವಾಸ್ನೆ. ಹೆಸ್ರು ಗೊತ್ತಿಲ್ಲ."

ಅತ್ತೆ ಸೌಟು ಕೆಳಗಿಟ್ಟರು. ಇವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು. ನಾನು ಏನು ಹೇಳಬಾರದ್ದು ಹೇಳಿದೆನೋ ತಿಳಿಯಲಿಲ್ಲ.

ಸೆಪ್ಟೆಂಬರ್ 6

ಅತ್ತೆ ಬೆಳಿಗ್ಗೆ ಪಕ್ಕದಲ್ಲಿ ಕೂತು ಹೇಳಿದರು. ಅದರ ಹೆಸರು ಪೀಚ್ ಕಾಬ್ಲರ್ ಅಂತೆ. ಫೋಟೋದವಳು, ಇವರ ಮೊದಲ ಹೆಂಡತಿ ಗಂಗೋತ್ರಿ, ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಒಂದು ಮನೆಯ ಅಡುಗೆಗಿದ್ದಳು. ಅಲ್ಲಿಯ ಮೇಡಂ ಭಾನುವಾರ ಮಾಡುತ್ತಿದ್ದರಂತೆ. ಬಸುರಿಯಾದಾಗ ಅದೇ ಬೇಕೆಂದು ಕೇಳಿದಳು.

"ಬಾಯಿ ಬಿಟ್ಟು ಕೇಳಿದ್ಳು ನೋಡವಾ. ರಾಯದುರ್ಗದಾಗ ಅದೆಲ್ಲಿ ಸಿಗತೈತಿ ಅಂತ ನಾವು ನಕ್ಕು ಬಿಟ್ಟಿವಿ. ನಿನ್ ಗಂಡ ಹರೀಶ, ಹೆರಿಗಿ ಆಗಲಿ, ಆಮ್ಯಾಲ ಅಂದ. ಆಮ್ಯಾಲ ಎಲ್ಲೈತಿ. ಕೂಸೂ ಹೋತು, ಅಕೀನೂ ಹೋದ್ಳು."

ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಫೋನಿನಲ್ಲಿ ಯಾವುದೋ ವಿಡಿಯೋದಲ್ಲಿ ನೋಡಿರಬೇಕು. ಅಷ್ಟೇ ಇರಬೇಕು.

ಹೋದ ವರ್ಷ ನನ್ನ ಬಸಿರು ನಿಲ್ಲದೆ ಇಳಿದುಹೋದಾಗ, ಅವಳೇ ಎಳೆದುಕೊಂಡಳು ಅಂದಿದ್ದರು ಅತ್ತೆ. ಅವಳ ಹೆಸರಿನ ಒಂದು ಚಿನ್ನದ ಗುಂಡು ನನ್ನ ತಾಳಿಯಲ್ಲಿದೆ. ಹಬ್ಬಕ್ಕೆ ಮೊದಲ ಹೂವು ಅವಳಿಗೇ. ಇನ್ನೇನು ಬೇಕು ಇವಳಿಗೆ? ಇದೊಂದು ಮಗುವನ್ನು ನನಗೆ ಬಿಡಲಿ.

ಸೆಪ್ಟೆಂಬರ್ 11

ತೀರ್ಮಾನ ಆಗಿದೆ. ಮಹಾಲಯ ಅಮಾವಾಸ್ಯೆಗೆ ಗಂಗೋತ್ರಿಗೆ ಎಡೆಯಲ್ಲಿ ಅದನ್ನೇ ಇಡಬೇಕು. ಮಾಡಬೇಕಾದವಳು ನಾನು. ಎಡೆಯ ಅಡುಗೆ, ರುಚಿ ನೋಡುವಂತಿಲ್ಲ. ಅವಳು ತಿಂದ ಮೇಲೆ ನಮಗೆ.

ತವರೂರು ರೊಳ್ಳದಿಂದ ಅಮ್ಮ ಫೋನ್ ಮಾಡಿದ್ದಳು. ಎಲ್ಲ ಕೇಳಿಕೊಂಡು ಬೈದಳು. "ಬಸ್ರಿ ನೀನು ಕಣಮ್ಮ. ಮೊದ್ಲು ನೀನ್ ತಿನ್ನು. ಸತ್ತೋರು ಕಾಯ್ತಾರೆ."

ಅಮ್ಮನಿಗೇನು, ದೂರದಲ್ಲಿದ್ದಾಳೆ.

ಸೆಪ್ಟೆಂಬರ್ 17

ಇವರು ಮಾಲು ಹಾಕಲು ಬಳ್ಳಾರಿಗೆ ಹೋಗಿದ್ದವರು ಪೀಚ್ ಹಣ್ಣಿನ ಡಬ್ಬಿ ತಂದರು. ನನ್ನ ಕೈಗೆ ಕೊಡಲಿಲ್ಲ. ನೇರ ಒಳಕೋಣೆಗೆ ಹೋಗಿ ಫೋಟೋದ ಮುಂದೆ ಇಟ್ಟರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಎರಡು ವರ್ಷದಲ್ಲಿ ನನಗೆಂದು ಒಂದು ಬಾಳೆಹಣ್ಣನ್ನೂ ಕೇಳದೆ ತಂದವರಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 20

ಮನೆಯೆಲ್ಲ ಚಕ್ಕೆಯ ವಾಸನೆ. ಚಕ್ಕೆ ಇನ್ನೂ ತಂದೇ ಇಲ್ಲ.

ಸೆಪ್ಟೆಂಬರ್ 28, ಅಮಾವಾಸ್ಯೆ, ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ತಲೆಗೆ ಸ್ನಾನ. ನಿಂಬೆಹಣ್ಣು ಹಾಕಿ ಉಜ್ಜಿದರೂ ಬೆರಳ ನೀಲಿ ಹೋಗಲಿಲ್ಲ. ಯೂಟ್ಯೂಬಿನ ತೆಲುಗು ಅಕ್ಕ ಹೇಳಿದಂತೆ ಕುಕ್ಕರಿನ ತಳಕ್ಕೆ ಮರಳು ಹಾಕಿ ಕಾಯಿಸಿದೆ. ಸ್ಟೀಲ್ ಬಟ್ಟಲಿಗೆ ಬೆಣ್ಣೆ ಸವರಿ ಹಣ್ಣಿನ ಹೋಳು, ಸಕ್ಕರೆ, ಚಕ್ಕೆಪುಡಿ. ಮೈದಾ, ಬೆಣ್ಣೆ, ಹಾಲು ಕಲಸಿ ಮೇಲೆ ಮುದ್ದೆಮುದ್ದೆಯಾಗಿ ಬಿಟ್ಟೆ. ಸಕ್ಕರೆ ಸಾಕೋ ಸಾಲದೋ ನೋಡುವಂತಿಲ್ಲ. ಅತ್ತೆಯನ್ನು ಕೇಳಿದರೆ, "ಅಕಿಗೆ ಗೊತ್ತಾಗತೈತಿ ಬಿಡು" ಅಂದರು. ಅಂಚಿನಲ್ಲಿ ಹಣ್ಣಿನ ರಸ ಕುದಿದು ಉಕ್ಕಿತು. ಬಾಯಲ್ಲಿ ನೀರು ತಡೆಯಲಾಗದೆ ಹೊರಗೆ ಹೋಗಿ ಉಗುಳಿ ಬಂದೆ.

ಎಡೆ ಇಟ್ಟೆವು. ಹೋಳಿಗೆ, ವಡೆ, ಅನ್ನ, ಹೊಸ ಸೀರೆ, ನಡುವೆ ಆ ಬಟ್ಟಲು. ಹಿರಿಯರು ಬಂದು ಉಣ್ಣಲಿ ಎಂದು ಒಳಕೋಣೆಯ ಬಾಗಿಲು ಎಳೆದು ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂತೆವು. ನೀರು ಕುಡಿದು ಬರುತ್ತೇನೆಂದು ಎದ್ದೆ. ಅಡುಗೆಮನೆಯಿಂದ ಒಳಕೋಣೆಗೆ ಇನ್ನೊಂದು ಬಾಗಿಲಿದೆ.

ನಿಂತುಕೊಂಡೇ ತಿಂದೆ. ಅವಳ ಫೋಟೋ ನೋಡುತ್ತಲೇ. ಎಷ್ಟು ಚೆನ್ನಾಗಿತ್ತು ಎಂದರೆ ಅಳು ಬಂತು. ಬಾಯಿ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂತೆ.

ಅತ್ತೆ ಬಾಗಿಲು ತೆಗೆದರು. ಹೋಳಿಗೆ, ವಡೆ ಇಟ್ಟ ಹಾಗೇ ಇದ್ದವು. ಬಟ್ಟಲು ಮಾತ್ರ ಬಳಿದಿಟ್ಟ ಹಾಗೆ ಖಾಲಿ. ಅತ್ತೆ ಅಲ್ಲೇ ಕುಸಿದು ಕೂತರು.

"ಬಂದಾಳ... ಹರೀಶ, ಬಂದಾಳೋ. ತಿಂದಾಳ."

ಇವರು ಗೋಡೆಗೆ ಮುಖ ಕೊಟ್ಟು ಅತ್ತರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ತೆವಳಿಕೊಂಡು ಬಂದು ನನ್ನ ಹೊಟ್ಟೆಗೆ ಕಿವಿ ಇಟ್ಟರು. "ಇಲ್ಲೇ ಅದೀಯೇನವಾ ಗಂಗೋತ್ರಿ?" ಅಂದರು.

ಸೆಪ್ಟೆಂಬರ್ 29

ಊರೆಲ್ಲ ಗೊತ್ತಾಗಿದೆ. ಪಕ್ಕದ ಮನೆಯ ತಿಪ್ಪಕ್ಕ ಬಂದು ನನಗಲ್ಲ, ನನ್ನ ಹೊಟ್ಟೆಗೆ ಕುಂಕುಮ ಹಚ್ಚಿ ಹೋದಳು. ಗಂಗೋತ್ರಿ ತಿರುಗಿ ಬರುತ್ತಿದ್ದಾಳೆ, ಹೆಣ್ಣೇ ಹುಟ್ಟುವುದು, ಹೆಸರೂ ಅದೇ. ಎಲ್ಲ ಅವರವರೇ ನಿರ್ಧರಿಸಿಕೊಂಡರು.

ಮಧ್ಯಾಹ್ನ ಇವರು ಮೊದಲ ಸಲ ಹೊಟ್ಟೆಯ ಮೇಲೆ ಕೈ ಇಟ್ಟರು. ಎಷ್ಟು ದಿನ ಕಾದಿದ್ದೆ ಅದಕ್ಕೆ. "ತಪ್ಪಾತು ಗಂಗಾ" ಅಂದರು. ಮಗು ಒದೆಯಿತು. ಇವರು ನಕ್ಕರು. ನನ್ನ ಮುಖ ನೋಡಲೇ ಇಲ್ಲ.

ಹೇಳಿದರೆ, ಎಡೆ ಎಂಜಲು ಮಾಡಿದೆ, ಈ ಕೂಸನ್ನೂ ಅವಳು ಬಿಡುವುದಿಲ್ಲ ಎಂದು ಅತ್ತೆ ಎದೆ ಬಡಿದುಕೊಳ್ಳುತ್ತಾರೆ. ಹೇಳದಿದ್ದರೆ ಮಗು ಹುಟ್ಟುವ ಮೊದಲೇ ಅವಳದಾಗಿಬಿಡುತ್ತದೆ. ನಾನು ಹೆರುವವಳು ಮಾತ್ರ.

ಇಲ್ಲ. ಹೇಳುತ್ತೇನೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಾರೆ, ಈಗಲೇ ಹೋಗಿ ಹೇಳುತ್ತೇನೆ. ತಿಂದೋಳು ನಾನು ಅತ್ತೆ, ನನ್ ಮಗೀಗೋಸ್ಕರ ತಿಂದೆ. ಅಷ್ಟೇ ಸಾಕು. ಎಷ್ಟು ತಿಂದೆ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಒಂದು ಚಮಚ. ಒಂದೇ. ಬಟ್ಟಲು ತುಂಬ ಇತ್ತು, ಗುರುತು ಕಾಣದಿರಲೆಂದು ಮೇಲಿನ ಹಿಟ್ಟು ಸರಿಮಾಡಿಯೇ ಬಂದೆ. ಉಳಿದದ್ದು—