ಸಂಕಲ್ಪದಲ್ಲಿ ಹೊರಬಿದ್ದ ಗುಟ್ಟು

ಬಟವಾಡಿ, ತುಮಕೂರು
೧೭ ನವೆಂಬರ್ ೨೦೨೫

ಮುನಿಸಿಕೊಂಡರೂ ಮುದ್ದಾಗಿಯೇ ಕಾಣುವ ಮಾಲಿನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅತ್ತೆಯವರ ಬಿ.ಪಿ. ಇಳಿದಿದೆಯೋ, ನಿನ್ನ ಮುಖ ನೋಡಿ ಏರಿದೆಯೋ? ನಾನು ಕ್ಷೇಮ, ನಾನು ಮಾಡಿದ ಸಾರು ಮಾತ್ರ ಕ್ಷೇಮವಲ್ಲ. ನೀನು ಫೋನ್ ಎತ್ತುತ್ತಿಲ್ಲವಾದ್ದರಿಂದ ಈ ಕಾಗದವನ್ನು ನಿನ್ನ ತಮ್ಮ ಸಂಗಮೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಕುಣಿಗಲ್‌ನಲ್ಲಿ ಕೂತೇ ಗಂಡನನ್ನು ತುಮಕೂರಿನಲ್ಲಿ ಕುಣಿಸುವ ವಿದ್ಯೆ ನಿನಗೊಬ್ಬಳಿಗೇ ಗೊತ್ತು.

ಎಲ್ಲಕ್ಕೂ ಮೂಲ ನಮ್ಮ ಭಜನಾ ಮಂಡಳಿಯ ಬೀರುವಿನಲ್ಲಿರುವ ಆ ಗೋಪ್ಯ ಕಡತ. ಸದಸ್ಯರ ಹೆಸರು, ಗೋತ್ರ, ನಕ್ಷತ್ರ, ಕೊನೆಯಲ್ಲಿ ಅಧ್ಯಕ್ಷೆ ನೇತ್ರಾವತಮ್ಮನವರು ಬರೆಯುವ ‘ಗುಪ್ತ ಅಭಿಪ್ರಾಯ’. ನಿನ್ನ ಬಗ್ಗೆಯೂ ಏನೋ ಬರೆದಿದೆಯೆಂದು ಮಂಡಳಿಯ ಕೋಮಲಾ ನಿನ್ನ ಕಿವಿಗೆ ಹಾಕಿದ್ದೇ ತಡ, “ಕೀ ನಿಮ್ ಜೇಬಲ್ಲೇ ಇದೆ, ತೆಗ್ದು ತೋರ್ಸೋಕೆ ಏನ್ರೀ ಕಷ್ಟ? ಹೆಂಡ್ತಿಗಿಂತ ಬೀರು ಹೆಚ್ಚಾಯ್ತಾ?” ಎಂದೆ. ನಾನೂ ಓದುವುದಿಲ್ಲ, ಇನ್ನೊಬ್ಬರಿಗೂ ತೋರಿಸುವುದಿಲ್ಲ ಎಂದು ಕಾರ್ಯದರ್ಶಿಯಾದ ದಿನವೇ ಕರ್ಪೂರ ಮುಟ್ಟಿ ಆಣೆ ಮಾಡಿದ್ದೆನಲ್ಲ! ನೀನು ಬ್ಯಾಗು ತುಂಬಿಕೊಂಡು ಹೊರಟೇಬಿಟ್ಟೆ.

ನಿನ್ನೆ ಮಂಡಳಿಯ ಕಾರ್ತಿಕ ಪೂಜೆ. ಪ್ರತಿ ವರ್ಷ ಕೊನೆಯ ಕಾಲಮ್ಮಿನ ಮೇಲೆ ಪಂಚಾಂಗ ಇಟ್ಟು ಮುಚ್ಚಿಕೊಂಡು, ಸಂಕಲ್ಪಕ್ಕೆ ಬೇಕಾದ ಹೆಸರು ಗೋತ್ರಗಳನ್ನಷ್ಟೇ ಬೇರೆ ಹಾಳೆಗೆ ಇಳಿಸುತ್ತಿದ್ದೆ. ಈ ಸಲ ನೀನಿಲ್ಲದ ಮಂಕಿನಲ್ಲಿ ಕಡತವನ್ನೇ ಹೊಸ ಅರ್ಚಕರ ಕೈಗಿತ್ತೆ. ಅವರು ಗುಬ್ಬಿಯವರು, ಆಕಾರವೂ ಗುಬ್ಬಿಯೇ, ದನಿ ಮಾತ್ರ ಗುಡುಗು. ಮೈಕಿನಲ್ಲಿ ಸಂಕಲ್ಪ ಶುರುವಾಯಿತು: “ಕಾಶ್ಯಪ ಗೋತ್ರ, ರೇವತಿ ನಕ್ಷತ್ರ, ಹನುಮಂತರಾಜು ನಾಮಧೇಯಸ್ಯ, ಶ್ರುತಿ ನಿಲ್ಲದು, ಮೈಕ್ ಕೊಡಕೂಡದು…” ಎಲ್ಲ ಒಂದೇ ರಾಗದಲ್ಲಿ! ಕೋಮಲಾಗೆ “ಪ್ರಸಾದಕ್ಕೆ ಎರಡು ಸಲ, ಭಜನೆಗೆ ಒಂದು ಸಲವೂ ಇಲ್ಲ.” ಸಂಕಲ್ಪದ ನಡುವೆ ಮಾತಾಡಬಾರದಲ್ಲ, ಎಲ್ಲರೂ ಅಕ್ಷತೆ ಹಿಡಿದು ಹಲ್ಲು ಕಚ್ಚಿ ಕೂತರು. ನೇತ್ರಾವತಮ್ಮನವರು ಮುಚ್ಚಿದ ನೇತ್ರ ತೆರೆಯಲೇ ಇಲ್ಲ. ಆಮೇಲೆ ನನ್ನ ಸರದಿ: “ಕಾಂತೇಶ, ಪ್ರಾಮಾಣಿಕ. ಆದರೆ ಹೆಂಡತಿ ಕೇಳಿದರೆ ಯಾವ ಗುಟ್ಟೂ ಉಳಿಯದು.” ಗುಟ್ಟು ಉಳಿಸಲು ಹೋಗಿ ಹೆಂಡತಿಯನ್ನೇ ತವರಿಗೆ ಕಳಿಸಿ ಕೂತವನ ಬಗ್ಗೆ ಈ ಮಾತು!

ಮಂಗಳಾರತಿ ಮುಗಿದ ಕೂಡಲೇ ಯುದ್ಧ ಎಂದುಕೊಂಡೆ. ಹನುಮಂತರಾಜುವೇ ಮೊದಲು ನಕ್ಕ. “ಇಷ್ಟ್ ವರ್ಷದಿಂದ ಹಾಡ್ತಾ ಇವ್ನಿ, ಒಬ್ರಾದ್ರೂ ಮೊದ್ಲೇ ಹೇಳ್ಬಾರ್ದಾಗಿತ್ತಾ?” ಎಂದ. ಸಭೆಯೇ ಗೊಳ್ಳೆಂದಿತು. ನೇತ್ರಾವತಮ್ಮ ಎಲ್ಲರಿಗೂ ಕೈಮುಗಿದು ಅಧ್ಯಕ್ಷಗಿರಿ ಬಿಟ್ಟರು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರಾದರೂ ನನ್ನ ಪರವಾಗಿ ಒಂದು ಮಾತಾಡಲಿ.

ನಿನ್ನ ಕೈಕಾಫಿಗೆ ಕಾದಿರುವ,
ಕಾಂತೇಶ್

ಮರೆತಿದ್ದೆ: ಸಂಗಮೇಶ ಗಾಡಿ ಸ್ಟಾರ್ಟ್ ಮಾಡಿಬಿಟ್ಟ, ಬೇಗ ಬರೆಯುತ್ತೇನೆ. ಅರ್ಚಕರು ಓದಿದ ನಿನ್ನ ಸಾಲು ಹೀಗಿತ್ತು: “ಮಾಲಿನಿ, ನನ್ನ ನಂತರ ಅಧ್ಯಕ್ಷೆಯಾಗಲು ಈಕೆಯೊಬ್ಬಳೇ ತಕ್ಕವಳು. ಮೊದಲೇ ತಿಳಿದರೆ ಹೆದರಿ ಊರೇ ಬಿಟ್ಟಾಳು.” ನೀನು ತಿಳಿಯದೆಯೇ ಬಿಟ್ಟೆ! ಎಲ್ಲರೂ ಕೈಯೆತ್ತಿ ನಿನ್ನನ್ನೇ ಆರಿಸಿದ್ದಾರೆ. ಕಡತವನ್ನು ಇಡುವುದೋ ಸುಡುವುದೋ ಹೊಸ ಅಧ್ಯಕ್ಷೆಯೇ ಹೇಳಬೇಕಂತೆ. ಬೀರುವಿನ ಕೀ ಈ ಲಕೋಟೆಯಲ್ಲೇ ಇದೆ. ನನ್ನ ಜೇಬು ಖಾಲಿಯಾಯಿತು; ಮನೆ ಖಾಲಿ ಇದ್ದದ್ದು ಸಾಕು, ಬಾ.