ಖಾಲಿ ಇರಬೇಕಿದ್ದ ಡ್ರೈವ್

ಬರ್ಗೆನ್, ನವೆಂಬರ್ 14, ಗುರುವಾರ

ಆಫೀಸಿನ ಕಂಪ್ಯೂಟರ್ ಮಾಹಿತಿಯನ್ನು ಟೇಪಿಗೆ ನಕಲಿಸುವ, ಅಳಿಸಿಹೋದದ್ದನ್ನು ಅದರಿಂದ ಮರಳಿ ತೆಗೆಯುವ ನಮ್ಮ ನಾಲ್ಕು ಟೇಪ್ ಡ್ರೈವ್‌ಗಳಲ್ಲಿ ಒಂದನ್ನು ನನ್ನ ಹಿರಿಯ ಸಹೋದ್ಯೋಗಿ ಟೋರ್ಗೆರ್ ಯಾವಾಗಲೂ ಖಾಲಿ ಇಡುತ್ತಿದ್ದರು. "ಕಳಕೊಂಡೋರು ಹೇಳಿ ಬರಲ್ಲ ಕಣೋ," ಎನ್ನುತ್ತಿದ್ದರು. ಅವರು ತೀರಿಕೊಂಡ ತಿಂಗಳಿಗೇ, ಕೆಲಸ ಬೇಗ ಮುಗಿಯಲೆಂದು, ನಾನು ಅದಕ್ಕೂ ಬ್ಯಾಕಪ್ ಹಚ್ಚಿದೆ.

ಇಂದು ಅವರ ಹೆಂಡತಿ ಸಿಗ್ನೆ, ತಮ್ಮ ದ್ವೀಪದಿಂದ ದೋಣಿಯಲ್ಲಿ ಬಂದಿದ್ದರು. ಆಫೀಸಿನ ಅವರ ನಂಬರಿಗೆ ಫೋನ್ ಮಾಡಿದರೆ ಕೇಳುತ್ತಿದ್ದ, ರೆಕಾರ್ಡ್ ಮಾಡಿಟ್ಟ ಗಂಡನ ದನಿ ಈ ವಾರ ಅಳಿಸಿಹೋಗಿದೆ, ಹಳೆಯ ಟೇಪಿನಿಂದ ತೆಗೆದುಕೊಡು ಎಂದರು. ನಾಲ್ಕೂ ಡ್ರೈವ್‌ಗಳಿಗೆ ಸಂಜೆಯವರೆಗೆ ಬಿಡುವಿರಲಿಲ್ಲ.

"ನಾಳೆ ಬರ್ತೀರಾ?" ಎಂದೆ.

"ಒಂದು ಖಾಲಿ ಇರತ್ತೆ ಅಂತಿದ್ರಲ್ಲಪ್ಪ ನಮ್ಮೋರು. ಇರಲಿ ಬಿಡು, ನನ್ನ ದೋಣಿಗೆ ಹೊತ್ತಾಯ್ತು."

ಒಂದು ಬ್ಯಾಕಪ್ ನಿಲ್ಲಿಸಿದ್ದರೆ ಹತ್ತು ನಿಮಿಷದ ಕೆಲಸ. ಅದನ್ನು ಮತ್ತೆ ಮೊದಲಿಂದ ಶುರುಮಾಡಬೇಕಲ್ಲ ಎಂದು ನಿಲ್ಲಿಸಲಿಲ್ಲ.

ನನಗೆಂದು ತಂದಿದ್ದ ಲೆಫ್ಸೆ ರೊಟ್ಟಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದರು. ಇನ್ನೂ ಬಿಚ್ಚಿಲ್ಲ.