ಇಬ್ಬರೂ ಕಂಡ ಹಕ್ಕಿಗಳು

ಹಿತ್ತಿಲ ಮೆಟ್ಟಿಲಿನಿಂದ,
ಭಾನುವಾರ, ಬಿಸಿಲೇರುವ ಮುನ್ನ

ನನ್ನ ಕರಡಮ್ಮನಿಗೆ,

ಪರದೆ ಏಳಲಿ! ಗ್ಯಾಲರಿಯವರು ಗುಸುಗುಸು ನಿಲ್ಲಿಸಲಿ! ಮುಂದಿನ ಸಾಲಿನ ಮಹಾಶಯರು ಟೋಪಿ ತೆಗೆದು ಕೂರಲಿ!

ಹೀಗೆ ಶುರುಮಾಡಬಾರದು ಎಂದುಕೊಂಡೇ ಶುರುಮಾಡಿಬಿಟ್ಟೆ ನೋಡು. ಇರಲಿ, ಹೊಡೆದುಹಾಕಬೇಡ. ಕಂಪನಿ ನಾಟಕದ ತೊಟ್ಟಿಲಲ್ಲೇ ಬೆಳೆದು, ಜೀವಮಾನವೆಲ್ಲ ಕೊನೆಯ ಬೆಂಚಿನವನಿಗೂ ಕೇಳಲಿ ಎಂದು ಕೂಗಿ ಬದುಕಿದವನು, ಕಾಗದದ ಮೇಲೆ ಮಾತ್ರ ಮೆಲ್ಲಗೆ ಮಾತಾಡು ಎಂದರೆ ಹೇಗೆ ಮಾತಾಡಿಯಾನು? ಕರಡು ತಿದ್ದುವ ಕೆಲಸದಿಂದ ನೀನು ನಿವೃತ್ತಳಾಗಿ ಎಷ್ಟೋ ಕಾಲವಾಯಿತು. ಆದರೂ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುವವಳು ನೀನು. ಈ ಕಾಗದವೂ ನಿನ್ನ ಕೈಗೆ ಸಿಕ್ಕಿ ಮೈತುಂಬ ಗಾಯ ಮಾಡಿಕೊಳ್ಳುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕನ ಸೊಂಟ ಈಗ ಹೇಗಿದೆ? ಬಿದ್ದು ಸೊಂಟ ಮುರಿದುಕೊಂಡ ಅಕ್ಕನನ್ನು ನೋಡಿಕೊಳ್ಳಲು ನೀನು ಹೋದೆ ಎಂಬುದು ಬೀದಿಯವರಿಗೆ ನಾವು ಹೇಳಿದ ಕಥೆ. ಅಕ್ಕ ಬಿದ್ದದ್ದು ನಿಜ, ಆದರೆ ನೀನು ಮಿಂಚುಳ್ಳಿಯ ಸಲುವಾಗಿ ಹೋದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ವರ್ಷ ತುಂಬುತ್ತ ಬಂತು. ಒಂದು ಹಿಡಿ ಗಾತ್ರದ ಹಕ್ಕಿ ಒಂದು ಸಂಸಾರವನ್ನು ಎರಡು ಊರಿಗೆ ಹಂಚಿತು ಎಂದರೆ ಯಾವ ನಾಟಕಕಾರನೂ ಬರೆಯಲಾರ, ಬರೆದರೆ ನಮ್ಮ ಕಂಪನಿಯ ಯಜಮಾನರು ಆಡಿಸಲಾರರು.

ಆದರೂ ಹಕ್ಕಿಯ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಕೇಳು. ನಮ್ಮ ಹಿತ್ತಿಲಿಗೆ ಹಕ್ಕಿಗಳು ಬರುತ್ತಿವೆ.

ನಗಬೇಡ. ಅದೇ ಹಿತ್ತಿಲು. ಮೂರು ಕಡೆ ಗೋಡೆ, ಒಂದು ಸೀಬೆ ಗಿಡ, ಒಗೆಯುವ ಕಲ್ಲು, ನೀರಿನ ತೊಟ್ಟಿ, ಬಟ್ಟೆ ಹರವುವ ತಂತಿ. ನಾಲ್ಕು ಜನ ನಿಂತರೆ ಐದನೆಯವನು ಅಡುಗೆಮನೆಯಲ್ಲಿ ಕಾಯಬೇಕಾದಷ್ಟು ಜಾಗ. ಅಲ್ಲಿ ಬಂದ ಹಕ್ಕಿಗಳ ಪಟ್ಟಿ ಇಡೋಣ ಎಂದು ಮದುವೆಯ ಹೊಸತರಲ್ಲಿ ನೀನು ಹೇಳಿದಾಗ ನಾನು ಚಪ್ಪಾಳೆ ತಟ್ಟಿದ್ದೆ. ಆ ಚಪ್ಪಾಳೆಗೇ ಮೊದಲ ಹಕ್ಕಿ ಹಾರಿಹೋಯಿತು. ಆಮೇಲೆ ನೀನು ಕಾನೂನು ಮಾಡಿದೆ. ಆಕಾಶದಲ್ಲಿ ಹಾದುಹೋದದ್ದು ಲೆಕ್ಕಕ್ಕಿಲ್ಲ. ಪಕ್ಕದ ಮನೆಯ ಸೂರಿನ ಮೇಲೆ ಕೂತದ್ದು ಲೆಕ್ಕಕ್ಕಿಲ್ಲ. ನಮ್ಮ ಗೋಡೆಗಳ ಒಳಗೆ ಕಾಲೂರಬೇಕು, ಮತ್ತು ನಾವಿಬ್ಬರೂ ಕೂಡಿಯೇ ನೋಡಬೇಕು. ಹಾಗಾದರೆ ಮಾತ್ರ ಹಿತ್ತಿಲ ಬಾಗಿಲಿನ ಒಳಮೈ ಮೇಲೆ, ನಿನ್ನ ಕೆಂಪು ಪೆನ್ಸಿಲಿನಲ್ಲಿ ಅದರ ಹೆಸರು. ಆ ಪೆನ್ಸಿಲ್ ಮುಟ್ಟುವ ಅಧಿಕಾರ ನನಗಿರಲಿಲ್ಲ. 'ನಿಮ್ಮದು ನಾಟಕದ ಕಣ್ಣು ರೀ, ಕಾಗೇನೂ ಹದ್ದು ಮಾಡಿಬಿಡ್ತೀರಿ' ಎನ್ನುತ್ತಿದ್ದೆ ನೀನು.

ಇಷ್ಟು ವರ್ಷ ಬದುಕಿ ಆ ಬಾಗಿಲ ಮೇಲೆ ನಾವು ಗಳಿಸಿದ್ದೇನು? ಕಾಗೆ, ಗುಬ್ಬಿ, ಪಾರಿವಾಳ, ಗೊರವಂಕ, ಪಿಕಳಾರ, ದಾರಿ ತಪ್ಪಿ ಬಂದ ಒಂದು ಗಿಳಿ. ಅಷ್ಟೇ! ಹಿತ್ತಿಲು ಚಿಕ್ಕದು, ಪಾಪ ಅವು ತಾನೆ ಏನು ಮಾಡ್ತಾವೆ ಎಂದು ನೀನು ಸಮಾಧಾನ ಹೇಳುತ್ತಿದ್ದೆ. ನಿಜವಾದ ಕಾರಣ ನಿನಗೆ ಗೊತ್ತಿತ್ತು. ನೀನು ಹೇಳಲಿಲ್ಲ. ಮಿಂಚುಳ್ಳಿ ಬಂದ ದಿನದವರೆಗೂ ಹೇಳಲಿಲ್ಲ.

ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮುಖದ ತುಂಬ ಕ್ಷೌರದ ಸೋಪು. ಬಾಗಿಲಲ್ಲಿ ನೀನು ಬೆನ್ನು ಮಾಡಿ ನಿಂತು, ಹಿಂದಕ್ಕೆ ಒಂದೇ ಒಂದು ಬೆರಳು ಆಡಿಸಿ ಕರೆದೆ. ಬಂದೆ. ತೊಟ್ಟಿಯ ಅಂಚಿನ ಮೇಲೆ ಅದು ಕೂತಿತ್ತು! ನೀಲಿ ಎಂದರೆ ಅದೆಂಥ ನೀಲಿ, ನಮ್ಮ ಕಂಪನಿಯ ಯಾವ ರೇಷ್ಮೆಗೂ ಬಾರದ ನೀಲಿ! ನನ್ನ ಗಂಟಲು ನನ್ನ ಮಾತು ಕೇಳಲಿಲ್ಲ. 'ಆಹಾ, ಬಂದೆಯಾ ನೀಲಾಂಬರಧಾರಿ!' ಎಂದು ಮೂರು ಬೀದಿಗೆ ಕೇಳುವಂತೆ ಹೊರಟುಬಿಟ್ಟಿತು. ತೊಟ್ಟಿಯ ಅಂಚು ಖಾಲಿ.

ನಾನು ನೋಡಿದ್ದೆ, ಬರೆ ಎಂದೆ. ಬರೆಯಲ್ಲ ಎಂದೆ ನೀನು. ನಾನು ಆಣೆ ಮಾಡಿದೆ. ಆಗ ನೀನು, ಎಂದೂ ದನಿ ಏರಿಸದವಳು, ಅವತ್ತೂ ಏರಿಸದೆಯೇ, 'ನೀವು ಹಕ್ಕಿ ನೋಡಲಿಲ್ಲ ರೀ. ಹಕ್ಕಿ ನೋಡ್ತಿರೋ ನಿಮ್ಮನ್ನೇ ನೀವು ನೋಡಿಕೊಂಡ್ರಿ. ಈ ಮನೇಲಿ ನಿಮ್ಮ ಗಂಟಲೊಂದೇ ಬದುಕಿರೋದು' ಎಂದೆ. ಸಂಜೆಗೆ ಟ್ರಂಕು ಕಟ್ಟಿದೆ.

ಇದಕ್ಕೆ ನನ್ನ ಉತ್ತರವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆ ಮಿಂಚುಳ್ಳಿಯನ್ನು ನಾನು ಕಂಡಿದ್ದೇನೆ ಕಣೇ, ಕೊಕ್ಕಿನ ತುದಿಯಿಂದ ಬಾಲದವರೆಗೆ. ಈ ವಿಷಯದಲ್ಲಿ ನಾನು ಸೋಲುವವನಲ್ಲ.

ಈಗ ಹೊಸ ಅಂಕ. ಮೊದಲ ಪ್ರವೇಶ ಸಿಪಿಲೆಯದು. ಯಜಮಾನರು ಕರೆದರೆಂದು ಗಾಬರಿಯಾಗಿ ಓಡಿಬಂದ ಗುಮಾಸ್ತನ ಹಾಗೆ ಬಾಲ ಕುಣಿಸುತ್ತ ಒಗೆಯುವ ಕಲ್ಲಿನ ಮೇಲೆ ಅತ್ತಿತ್ತ ಓಡಾಡಿತು. ಅದರ ಮರುವಾರ ಮಡಿವಾಳ ಹಕ್ಕಿ, ಇಸ್ತ್ರಿ ಮಾಡಿದ ಕಪ್ಪು ಬಿಳುಪು ಉಡುಪಿನಲ್ಲಿ, ತಂತಿಯ ಮೇಲೆ ನನ್ನ ಒದ್ದೆ ಬನಿಯನ್ನಿನ ಪಕ್ಕ ಕೂತು ಇಡೀ ಆಲಾಪನೆ ಮುಗಿಸಿ ಹೋಯಿತು. ಹರಟೆಮಲ್ಲಗಳಂತೂ ಗುಂಪಾಗಿಯೇ ಬಂದು, ಒಬ್ಬರ ಮಾತು ಒಬ್ಬರು ಕೇಳದೆ ಎಲ್ಲರೂ ಒಟ್ಟಿಗೆ ಮಾತಾಡಿದವು; ನಮ್ಮ ಕಂಪನಿ ಊಟಕ್ಕೆ ಕೂತ ಹಾಗೆ. ನಿನ್ನೆ ಕೆಂಬೂತ ಬಂತು. ಖಳನಾಯಕ! ಕೆಂಪು ಕಣ್ಣು, ತಾಮ್ರದ ರೆಕ್ಕೆ, ಅಳೆದು ತೂಗಿ ಇಡುವ ಹೆಜ್ಜೆ. ಸೀಬೆ ಗಿಡದ ಬುಡದಲ್ಲಿ ನಿಂತು ನನ್ನನ್ನು ದಿಟ್ಟಿಸಿ ನೋಡಿತು. ನಾನೂ ನೋಡಿದೆ. ಯಾರೂ ಹಾರಿಹೋಗಲಿಲ್ಲ.

ಇವರೆಲ್ಲ ಇಷ್ಟು ವರ್ಷ ಎಲ್ಲಿದ್ದರು? ಇಲ್ಲೇ ಇದ್ದರು. ಗೋಡೆಯಾಚೆ, ಸೈಡ್ ವಿಂಗಿನಲ್ಲಿ, ತಮ್ಮ ಪ್ರವೇಶ ಯಾವಾಗ ಎಂದು ಕಾಯುತ್ತ ನಿಂತಿದ್ದರು. ವೇದಿಕೆ ಬಿಟ್ಟುಕೊಡದೆ ನಿಂತವನು ನಾನು. ಒಂದೊಂದು ಹೊಸ ಹಕ್ಕಿ ಬಂದು ಕೂತಾಗಲೂ ನನಗೆ ಖುಷಿಯಾಗುವುದಿಲ್ಲ. ಕಟಕಟೆಗೆ ಇನ್ನೊಬ್ಬ ಸಾಕ್ಷಿ ಹತ್ತಿದ ಹಾಗಾಗುತ್ತದೆ.

ವೇದಿಕೆ ಹೇಗೆ ಖಾಲಿಯಾಯಿತು ಎಂದು ಬರೆಯದೆ ಇನ್ನೆರಡು ಹಾಳೆ ಹಕ್ಕಿಗಳಲ್ಲೇ ಕಳೆದುಬಿಡಬಲ್ಲೆ. ಆದರೆ ಬಿಟ್ಟುಹೋದ ಸಾಲನ್ನು ಕಂಡುಹಿಡಿಯುವುದೇ ನಿನ್ನ ಕಸುಬು. ಬರೆಯುತ್ತೇನೆ.

ನನ್ನ ದನಿ ಹೋಯಿತು. ನೆಗಡಿಗೆ ಹೋದ ಹಾಗಲ್ಲ. ಗಂಟಲಲ್ಲಿ ಗಡ್ಡೆ ಬೆಳೆದಿತ್ತು, ದನಿಪೆಟ್ಟಿಗೆಯನ್ನೇ ಕೊಯ್ದು ತೆಗೆದರು. ಕತ್ತಿನ ಬುಡದಲ್ಲಿ ಕೋಟಿನ ಗುಂಡಿಯಷ್ಟು ಒಂದು ತೂತಿದೆ, ಉಸಿರಾಟವೆಲ್ಲ ಅಲ್ಲಿಂದಲೇ. ಅದರ ಮೇಲೆ ಇಳಿಬಿಡಲು ಪಕ್ಕದ ಮನೆಯ ದರ್ಜಿ ತೆಳುಬಟ್ಟೆಯ ಚೌಕಗಳನ್ನು ಹೊಲಿದುಕೊಟ್ಟಿದ್ದಾನೆ, ಒಂದಕ್ಕೆ ಜರಿಯ ಅಂಚನ್ನೂ ಇಟ್ಟಿದ್ದಾನೆ, ರಾಜಪಾತ್ರಕ್ಕೆ ಬೇಕಾದೀತು ಎಂದು. ಆಸ್ಪತ್ರೆಗೆ ಕರೆದೊಯ್ದವನೂ ಅವನೇ, ಹಾಸಿಗೆಯ ಪಕ್ಕ ಕೂತವನೂ ಅವನೇ. ನೀನು ಆಡಿದ ಮಾತಿನಿಂದ ಹೀಗಾಯಿತೆಂದು ತಲೆಗೆ ಹಚ್ಚಿಕೊಳ್ಳಬೇಡ. ಗಡ್ಡೆ ಅದಕ್ಕೂ ಮೊದಲೇ ಒಳಗೆ ಬಿಡಾರ ಹೂಡಿತ್ತಂತೆ.

ನಿನಗೇಕೆ ತಿಳಿಸಲಿಲ್ಲ? ತಿಳಿಸಲು ನೋಡಿದೆ. ಕೊಯ್ಯುವ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ನಿನ್ನ ಅಕ್ಕನ ಮನೆಗೆ ಫೋನ್ ಮಾಡಿದೆ. ನೀನೇ ಎತ್ತಿದೆ. 'ಹಲೋ, ಯಾರು?' ಎಂದೆ ನೀನು. ನನ್ನ ದನಿಯಿಂದ ನಿನಗೆ ಹೇಳಬಹುದಾದ ಕೊನೆಯ ಮಾತು, ಚಿಕ್ಕದಾಗಿರಬಾರದು ಎಂದು ನಾನು ತಡಕಾಡಿದೆ. ಎಷ್ಟು ನಾಟಕಗಳ ಮಾತು ಬಾಯಿಗೆ ಬಂದವು! ಒಂದೂ ನನ್ನದಲ್ಲ. ನಾನು ಸುಮ್ಮನೆ ನಿಂತೇ ಇದ್ದೆ. 'ಮಾತಾಡೋದಿಲ್ಲ ಅಂದ್ರೆ ಫೋನ್ ಯಾಕ್ರೀ ಮಾಡ್ತೀರಿ' ಎಂದು ಗೊಣಗಿ ಇಟ್ಟುಬಿಟ್ಟೆ ನೀನು. ಅದು ನಾನೇ ಎಂದು ನಿನಗೆ ಹೊಳೆದಿರಲಾರದು. ನಾನು ಸುಮ್ಮನಿರಬಲ್ಲೆ ಎಂದು ನೀನು ಹೇಗೆ ನಂಬುತ್ತೀಯ?

ಯಜಮಾನರು ನೋಡಲು ಬಂದಿದ್ದರು. ಬಾಗಿಲಲ್ಲೇ, 'ಏನಪ್ಪಾ, ಕೊನೆಗೂ ಮೂಕಿ ಸಿನಿಮಾಕ್ಕೆ ಸೇರಿಬಿಟ್ಟೆಯಲ್ಲ!' ಎಂದು ನಗಾಡಿದರು. ಕೂತ ಮೇಲೆ ಕರವಸ್ತ್ರ ತೆಗೆದರು. ಮುಂದಿನ ನಾಟಕದಲ್ಲಿ ಹೆಣದ ಪಾತ್ರ ಖಾಲಿ ಇದೆ, ಎರಡು ದೃಶ್ಯ ಮಲಗಿರಬೇಕು, ಮಾತಿಲ್ಲ, ಬರ್ತೀಯಾ ಎಂದರು. ಕತ್ತಿಗೆ ಹಾಕಿಕೊಂಡ ಹಲಗೆಯ ಮೇಲೆ, 'ಹೆಣ ಉಸಿರಾಡಿದರೆ ಶಿಳ್ಳೆ ಕೇಳಿಸುತ್ತದೆ' ಎಂದು ಬರೆದು ತೋರಿಸಿದೆ. ಇಬ್ಬರೂ ನಕ್ಕೆವು. ನನ್ನ ನಗು ಈಗ ಬರೀ ಗಾಳಿ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಈ ಹಕ್ಕಿಗಳಲ್ಲಿ ಒಂದರ ಹೆಸರೂ ಬಾಗಿಲ ಮೇಲೆ ಏರಿಲ್ಲ. ನಾನೊಬ್ಬನೇ ಕಂಡದ್ದು ಲೆಕ್ಕಕ್ಕಿಲ್ಲವಲ್ಲ. ಸಿಪಿಲೆ ಬಂದಾಗಲೆಲ್ಲ ನಿನ್ನ ಹಾಗೆಯೇ ಹಿಂದಕ್ಕೆ ಬೆರಳು ಆಡಿಸಿ ಕರೆಯುತ್ತೇನೆ, ಆಮೇಲೆ ನೆನಪಾಗುತ್ತದೆ. ನೀನು ಬಾ. ನನ್ನನ್ನು ಕ್ಷಮಿಸಲು ಬರಬೇಡ, ಮರುಕಕ್ಕೆ ಬರಬೇಡ. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ನೋಡು, ಅಷ್ಟು ಸಾಕು. ನಾನು ಮಾತಾಡುವುದಿಲ್ಲ ಎಂದು ಮಾತು ಕೊಡಬಲ್ಲ ಗಂಡ ಇಡೀ ಬೀದಿಯಲ್ಲಿ ನಾನೊಬ್ಬನೇ.

ಅವಸರವೇನೂ ಇಲ್ಲ. ಅಕ್ಕ ಕೋಲು ಹಿಡಿದು ಓಡಾಡುವಂತಾಗಲಿ. ಗಾಯ ಮಾಗಿದೆ, ಊಟ ಸೇರುತ್ತಿದೆ. ಮೊನ್ನೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಬೆನ್ನು ತಟ್ಟಿ ಕಳಿಸಿದರು.

ನಿನ್ನ
ಗುಡುಗಪ್ಪ
(ಈಗ ಮೋಡ ಮಾತ್ರ)

ತಾ.ಕ.: ಡಾಕ್ಟರು ಬೆನ್ನು ತಟ್ಟಿದ್ದು ನಿಜ. ಆಮೇಲೆ ದರ್ಜಿಯನ್ನು ಹೊರಗೆ ಕರೆದರು. ಮಾತು ಹೋದವನಿಗೆ ಕಿವಿಯೂ ಹೋಗಿರುತ್ತದೆ ಎಂದು ಜನ ತಿಳಿದುಬಿಡುತ್ತಾರೆ, ಅಷ್ಟು ಓದಿದವರೂ ಸಹ. ಬಾಗಿಲು ಅರ್ಧ ತೆರೆದೇ ಇತ್ತು. 'ಎದೆಗೂ ಇಳಿದುಬಿಟ್ಟಿದೆ, ಇನ್ನು ಕೊಯ್ದು ಉಪಯೋಗವಿಲ್ಲ. ಹೆಂಡತಿ ಇದ್ದಾರೆ ಅಂದ್ರಲ್ಲ, ಕರೆಸಿಬಿಡಿ' ಎಂದರು. ದರ್ಜಿ ಒಳಗೆ ಬಂದು, 'ಎಲ್ಲಾ ಚೆನ್ನಾಗಿದೆಯಂತೆ ಅಣ್ಣಾ, ಇನ್ನೇನೂ ಯೋಚನೆ ಇಲ್ಲ' ಎಂದು ಹಲ್ಲು ಕಿರಿದ. ಅಷ್ಟು ಕೆಟ್ಟ ನಟನೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನಂಬಿದವನಂತೆ ನಾನು ತಲೆಯಾಡಿಸಿದೆ. ಪಾಪ, ಅವನು ನಂಬಿದ. ಅಕ್ಕನನ್ನು ಬಿಟ್ಟು ಬರಲಾಗದಿದ್ದರೆ ಅವರನ್ನೂ ಕರೆದುಕೊಂಡು ಬಾ. ಮುಂದಿನ ಕೋಣೆ ಗುಡಿಸಿ ಹಾಸಿಗೆ ಹಾಕಿದ್ದೇನೆ. ಈ ಕಾಗದ ಸಿಕ್ಕಿದ ಮರುದಿನದ ಮೊದಲ ಬಸ್ಸಿಗೇ ಹೊರಡು.